ಒಡೆಯದ ಲಿಂಬಿಹಣ್ಣು

ಕಂಠೆಪ್ಪ ಹಚ್ಚಿದ ಬೆಸುಗಿ ಬಿಟ್ಟಿದ್ದನ್ನ ಕೊರ್ತಾಲಿಮ್ ಊರಾಗ ಕಂಡವರಿಲ್ಲ. ಹಂಗಂತ ಅವನೇ ಹೇಳಕೋತ ತಿರಗತಿದ್ದ ಅನ್ರಿ, ಆದ್ರ ಮಾತು ಖರೇ ಇತ್ತು. ಅದಕ್ಕ ಮಗಳು ಶೈಲಾ ತನ್ನ ಇಂಜಿನಿಯರಿಂಗ್ ಕಾಲೇಜಿನ ಹುಡುಗರನ್ನ ಅವನ ವೆಲ್ಡಿಂಗ್ ಶೆಡ್ಡಿಗೇ ಕರಕೊಂಡು ಬಂದಳು. ಸ್ಪರ್ಧೆಗಂತ ಅವರೊಂದು ರೇಸ್ ಕಾರು ಕಟ್ಟಾಕತ್ತಿದ್ರು. ಮೊಣಕಾಲೆತ್ತರದ ಗಾಡಿ, ಒಬ್ಬರು ಕೂಡೂವಷ್ಟು. ಅದನ್ನ ಓಡಸಾಕಿ ಶೈಲಾನೇ.

ಕಡೀ ಜೋಡಣಿಗೆ ಸರಿಯಾಗಿ ಅಮಾಸಿ ಬಂತು. ಅಮಾಸಿ ದಿನ ಹೊಸಾ ಬೆಸುಗಿ ಹಚ್ಚಬಾರದಂತ ಕಂಠೆಪ್ಪನ ಅಪ್ಪನ ಕಾಲದಿಂದ ನಡಕೊಂಡು ಬಂದದ್ದು. ಇವತ್ತ ಮುಗಸ್ರಿ ಅಂತ ಹುಡುಗರು ಬಿಡವಲ್ಲರು. ಅಮಾಸಿ ಅಂದ್ರ ಓದಿದ ಮಂದಿ ನಗತಾರಂತ ಕಂಠೆಪ್ಪ ಬಾಯಿ ಬಿಡದ, ಮುಂದಿನ ಎಡಗಾಲಿ ಹಿಡಿಯೂ ರಾಡಿಗೆ ಪೂರಾ ಬೆಸುಗಿ ಅಲ್ಲ, ಹಿಡಿದು ನಿಲ್ಲಾಕಷ್ಟ ಚುಕ್ಕಿಯಂಥಾ ಎರಡು ಟಾಕಾ ಹಾಕಿದ. ಪೂರಾ ನಾಳಿ ಹಚ್ಚಿದರಾತು ಅಂದಕೊಂಡ. ನಾಳೆ ಅಂದವನ ಮನಿ ಹಾಳು! ಮರುದಿನ ಬರೂದರಾಗ ಹುಡುಗರು ಕೆಂಪು ಬಣ್ಣ ಬಳದು ಗಾಡಿ ಕಾಲೇಜಿಗೆ ಒಯ್ದಿದ್ರು. ಹೋಗಿ ಹೇಳಬೇಕು, ಹೇಳಬೇಕು ಅನಕೋತ ಎಂಟು ದಿನ ಕಳದ.

ಸ್ಪರ್ಧೆಯ ಮುಂಜಾನೆ ಪರ್ವರಿಯ ಬಯಲಿನ್ಯಾಗ ಅವನ ಹೆಂಡತಿ ಸಾವಂತ್ರೆವ್ವ ನಾಕು ಗಾಲಿಗೂ ನಾಕು ಲಿಂಬಿಹಣ್ಣು ಇಟ್ಟಳು. ಶೈಲಾ ಗಾಡಿ ಮೆಲ್ಲಕ ಮುಂದ ಬಿಟ್ಟಳು. ಮೂರು ಪಚಕ್ಕನ ಒಡದುವು. ಮುಂದಿನ ಎಡಗಾಲಿ ಮಾತ್ರ ತುಸು ಹೊರಗ ವಾಲಿ, ಹಣ್ಣಿನ ಬಾಜೂಕ ಜಾರಿ ಹೋತು. ಹಣ್ಣು ಇಡಿಯಾಗಿ ಉಳ್ಳಿಕೋತ ಕಂಠೆಪ್ಪನ ಕಾಲಾಗ ಬಂತು.

“ಅಯ್ಯ ನಮ್ಮವ್ವಾ, ಇದು ಚಲೋ ಅಲ್ಲ,” ಅಂದಳು ಸಾವಂತ್ರೆವ್ವ.

ಕಂಠೆಪ್ಪ ಬಗ್ಗಿ ಗಾಲಿ ನೋಡಿದ. ದೇವರ ಸೂಚನಿ ಅಲ್ಲ ಇದು. ಟಾಕಾ ಬಾಯಿ ಬಿಡಾಕತ್ತಾವು.

ಹೇಳಬೇಕಿತ್ತು. ಆದ್ರ ಶೈಲಾನ ಗೆಳೆಯರು, ಅವರ ಸರ್, ಎಲ್ಲಾರೂ ಸುತ್ತ ನಿಂತಿದ್ರು. ಅವರ ಮುಂದ ನನ್ನ ಬೆಸುಗಿ ಕಚ್ಚಾ ಐತ್ರಿ ಅನ್ನಾಕ ನಾಲಿಗಿ ಏಳವಲ್ಲದು. ಹಾಳಾದ ಮಾನ!

“ಇವತ್ತ ಬ್ಯಾಡವಾ ಶೈಲಾ,” ಅಂದ. “ಲಿಂಬಿಹಣ್ಣು ಒಡೀಲಿಲ್ಲ ನೋಡು.”

ಶೈಲಾ ಹೆಲ್ಮೆಟ್ ಹಾಕ್ಕೊಳ್ಳಕೋತ ನಕ್ಕಳು. “ಅವ್ವ ಅಂದ್ರ ಒಂದು ಮಾತು. ನೀನೂ ಹಿಂಗಂದ್ರ ಹೆಂಗಪ್ಪಾ? ಬೆಸುಗಿ ನಿಂದೈತಿ, ನನಗ್ಯಾಕ ಅಂಜಿಕಿ?”

ಇಂಜಿನ್ ಗುರುಗುಟ್ಟಿತು. ಬಾವುಟ ಬಿತ್ತು. ಗಾಡಿ ಕೆಂಪು ಧೂಳೆಬ್ಬಿಸಿಕೋತ ಹೋತು.

ಆವಾಗ ಬಂತು ನೋಡ್ರಿ ಕಂಠೆಪ್ಪಗ ಬಾಯಿ. “ನಿಲ್ಲಸ್ರೀ! ಎರಡ ಟಾಕಾ ಅದಾವು, ಬೆಸುಗಿ ಹಚ್ಚಿಲ್ಲ! ತಪ್ಪು ನಂದರೀ!” ಅಂತ ಗಂಟಲು ಹರಕೊಂಡು ಓಡಿದ. ಆ ಗದ್ದಲದಾಗ ಕೇಳಿದ್ದು ಹಿಂದ ಓಡಿ ಬಂದ ಸಾವಂತ್ರೆವ್ವಗ ಒಬ್ಬಾಕಿಗೇ. ಅವನ ಅಂಗಿ ಹಿಡದು ಜಗ್ಗಿದಳು.

“ನಿಮಗ ಗೊತ್ತಿತ್ತಾ?”

ಶೈಲಾ ಎರಡನೇ ತಿರುವಿಗೆ ಮುಟ್ಟಿದ್ದಳು. ಮೂವತ್ತು ವರ್ಷ ಕಬ್ಬಿಣದ ಸಂಗಡ ಬಾಳಿದ ಕಂಠೆಪ್ಪಗ ಮಾತ್ರ, ಅಷ್ಟು ದೂರದಿಂದ, ಟಾಕಾ ಬಿಟ್ಟ ಸಪ್ಪಳ ಕೇಳಿಸಿತು.