ಹಗ್ಗದ ಮ್ಯಾಲಿನ ಕೈ

ತಗಡಿನ ಬಾಗಲದಾಗ ಒಂದು ತೂತು, ಅದರಾಗಿಂದ ಮಧ್ಯಾಹ್ನದ ಬಿಸಲು ಕೋಲಿನಂಗ ಬಂದು ಎದುರಿನ ಗ್ವಾಡಿಗೆ ಬಿದ್ದೈತಿ, ಕೋಲಿನ ತುಂಬ ಧೂಳು ಕುಣ್ಯಾಕ ಹತ್ತೈತಿ — ಮಷಿನ್ ರೂಮಿನ್ಯಾಗೂ ಹಿಂಗ ಇರ್ತಿತ್ತು, ಬೆಳಕು ಮುಂದ ಹೋಗ್ತಿತ್ತು, ನಾ ಹಿಂದ ಕತ್ತಲದಾಗ ಬೀಡಿ ಸೇದ್ಕೋತ ಕುಂದ್ರತಿದ್ದೆ, ಗಂಗಾವತಿ ಟಾಕೀಸಿನ ಆಪರೇಟರ್ ಗ್ಯಾನಪ್ಪ, ನಾನ — ಹೂಂ, ಮಾತು ಎಲ್ಲಿಗೋ ಹೊಂಟತು, ಹೆಬ್ಬಟ್ಟು ಒತ್ತಿ ಹಿಡದೀನಿ, ಫೋನಿನ್ಯಾಗ ಕೆಂಪು ಮೈಕು ಮಿಣಮಿಣ ಅಂತೈತಿ, ಹೇಳೂದು ಇಷ್ಟ, ಬಾವಿ ಸಿನಿಮಾದ ಸುದ್ದಿ. ಮೂರು ದಿನ ಆತು ಹಳೇ ಗೆಳೆಯರ ವಾಟ್ಸಾಪ್ ಗ್ರೂಪಿನ್ಯಾಗ ಅದ ಜಗಳ. ಕಿರಾಣಿ ಅಂಗಡಿ ಅಂದಪ್ಪ ಅಂತಾನ, ಸಿನಿಮಾದಾಗಿನ ಆ ಹೆಂಗಸಿಗೆ ಹುಚ್ಚೋ, ಗಂಗಾವತ್ಯಾಗ ಮೂರು ಸಲ ನೋಡೀನಿ, ಗಂಡ ಪಾಪ ದೇವರಂಥಾವ. ಕೊಪ್ಪಳದ ಗವಿಸಿದ್ದೇಶ ಮಾಸ್ತರ ಅಂತಾನ, ಹಗ್ಗ ಜಗ್ಗೂ ಕೈ ಕಾಣ್ತೈತಲ್ಲೋ ಕುರುಡ, ಎಲ್ಲಾ ಗಂಡನ ಕಿತಾಪತಿ. ಅಂದಪ್ಪ ಬಿಡ್ತಾನೇನು, ಯಾವ ಕೈಯಪಾ, ನಿಮ್ಮ ಕೊಪ್ಪಳದಾವ್ರಿಗೆ ಇಲ್ಲದ್ದ ಕಾಣ್ತಾವ, ಕಣ್ಣಿನ ದವಾಖಾನಿಗೆ ಹೋಗ್ರಿ. ನಲವತ್ತು ವರ್ಷದ ಮ್ಯಾಲಾತು, ಚಾದಂಗಡ್ಯಾಗ ಬಡಿದಾಡಿದ್ದನ್ನ ಈಗ ಫೋನಿನ್ಯಾಗ ಬಡಿದಾಡ್ತಾರ, ಮುದುಕರಾದ್ರೂ ಬುದ್ಧಿ ಬರಲಿಲ್ಲ — ಇಬ್ರೂ ಖರೇನ ಹೇಳ್ತಾರ, ಅದ ನನ್ನ ಸಂಕಟ. ಛೇ. ಬಟ್ಟು ಎಡಕ್ಕ ಸರಿಸಿದೆ, ಅಳಿಸಿ ಹೋತು. ಎಂಟನೇದು ಇದು.

ಮತ್ತ ಒತ್ತಿ ಹಿಡದೀನಿ. ಕರೀ ಬಿಳೀ ಸಿನಿಮಾ ಅದು, ದೊಡ್ಡ ಮನಿ, ಗಂಡ ಹೆಂಡ್ತಿ ಇಬ್ಬರ, ಹಿತ್ತಲದಾಗ ಬಾವಿ, ಯಾರೂ ಇಲ್ಲದಾಗ ಬಾವಿ ಗಡಗಡಿ ಕಿರ್ರ ಕಿರ್ರ ಅಂತೈತಿ, ಆಕಿ ಓಡಿ ಬಂದು ನೋಡಿದ್ರ ಯಾರಿಲ್ಲ, ಹಗ್ಗ ಅಷ್ಟ ತೂಗಾಡತಿರ್ತೈತಿ, ಯಾವ ಸಪ್ಪಳನೂ ಇಲ್ಲಲ್ಲ ಅಂತಾನ ಗಂಡ, ಹಣಿ ಮುಟ್ಟಿ ನೋಡ್ತಾನ. ಕಡೀಗೆ ಒಂದು ಸಲ, ನಾಕು ಸೆಕೆಂಡ, ಗ್ವಾಡಿ ಹಿಂದಿಂದ ಕೈ ಬರ್ತೈತಿ, ಗಂಡನ ಹರಳಿನ ಉಂಗುರ ಇದ್ದ ಕೈ, ಹಗ್ಗದ ಮ್ಯಾಲ. ಮಾರಿ ಇಲ್ಲ, ಕೈಯಷ್ಟ. ಅದನ್ನ ಕಂಡಾವಗ ಗಂಡ ಕಳ್ಳ, ಕಾಣದಾವಗ ಹೆಂಡ್ತಿ ಹುಚ್ಚಿ. ಕೊಪ್ಪಳದಾಗ ಒಂದು ವಾರ ಓಡಿ ಅದ ರೀಲಿನ ಡಬ್ಬಿ ಬಸ್ಸಿನ ಮ್ಯಾಲ ನಮ್ಮ ಟಾಕೀಸಿಗೆ ಬಂತು. ಮುಂಜಾನಿ ಹಾಕಿ ನೋಡ್ತೀನಿ, ಆ ಜಾಗಾಕ ರೀಲಿನ ಅಂಚು ಹರದು ಮಷಿನ್ನಿನ ಹಲ್ಲಿಗೆ ಸಿಗವಲ್ದು, ನಿಂತ್ರ ದೀಪದ ಬಿಸಿಗೆ ಸುಡ್ತೈತಿ. ಕಡದು ಅಂಟಿಸೋ, ಎರಡು ಮಾರು ಹೋದ್ರ ಯಾರಿಗೆ ತಿಳೀತೈತಿ ಅಂದ ಟಾಕೀಸಿನ ಸಾಹುಕಾರ, ಡಬ್ಬಿ ಕೂಡ ಬಂದಿದ್ದ ಕಂಪನಿ ಮನಷಾಗ ಹೇಳಬ್ಯಾಡ, ಗೊತ್ತಾದ್ರ ನಮಗ ಮತ್ತ ಸಿನಿಮಾ ಕೊಡೂದಿಲ್ಲ, ನೀನೂ ಮನ್ಯಾಗ ಕುಂದ್ರತಿ. ಕತ್ತರಿ ಹಾಕಿದೆ, ಬ್ಲೇಡಿಲೆ ಕೆರದೆ, ಸಲ್ಯೂಶನ್ ಹಚ್ಚಿ ಊದಿದೆ, ಎಲ್ಲಾ ಆಪರೇಟರೂ ಮಾಡೂದ ಅದು. ಕಡದ ತುಂಡು ಬೆಳಕಿಗೆ ಹಿಡದು ನೋಡಿದೆ — ಕೈ, ಅದರ ಕೆಳಗ ಕೈ, ಅದರ ಕೆಳಗ ಕೈ. ಸುತ್ತಿ ತಂಬಾಕದ ಡಬ್ಯಾಗ ಇಟ್ಟೆ.

ತಂಗಿ ಪಂಪಾವತಿ ಅವತ್ತ ಬರ್ತಾಳಂತ ನನಗೇನ ಗೊತ್ತು. ತಳಕಲ್ಲಿಗೆ ಕೊಟ್ಟಿದ್ವಿ, ಸಣ್ಣಪ್ಪಗ, ಮಾತು ಮೆತ್ತಗ ಆಡೂ ಮನಷಾ, ಊರೆಲ್ಲಾ ಅವನ್ನ ಭಾಳ ಛಲೋ ಅಂತಿತ್ತು. ಯಣ್ಣಾ, ಇಟ್ಟದ್ದು ಇಟ್ಟಲ್ಲಿ ಇರೂದಿಲ್ಲ ಅಂತಿದ್ಳು ಆಕಿ, ಕಿವ್ಯಾನ ಬೆಂಡೋಲಿ ಡಬ್ಯಾಗ ಇಟ್ರ ಒಲಿ ಬೂದ್ಯಾಗ ಸಿಗ್ತಾವ, ನೀನ ಅಲ್ಲೇನ ಇಟ್ಟಿ ಅಂತಾರ ನಮ್ಮ ಮನ್ಯಾವರು, ನನಗ ತೆಲಿ ನೆಟ್ಟಗಿಲ್ಲಂತ ನಮ್ಮತ್ತಿ ಮುಂದ ಹೇಳ್ಯಾರ, ಅವರಿಗೆ ಇನ್ನೊಂದು ಲಗ್ನದ ಮಾತು ನಡದೈತಿ. ಕೊಪ್ಪಳದಾಗ ಓಣಿ ಹೆಣ್ಮಕ್ಕಳ ಜೋಡಿ ಸಿನಿಮಾ ನೋಡಿದ್ಳು, ಕೈ ನೋಡಿದ್ಳು, ನಮ್ಮ ಮನ್ಯಾಗೂ ಇದ ನಡದೈತಿ ಅಂತ ಅನ್ನಿಸಿರಬೇಕು, ಬಾಯಿಲೆ ಹೇಳಿದ್ರ ಯಾರು ನಂಬತಾರ, ನಮ್ಮಣ್ಣನ ಟಾಕೀಸು, ಪಾಸ್ ಕೊಡ್ತಾನ ಅಂತ ಅತ್ತಿನ್ನ, ಗಂಡನ್ನ, ಊರ ಹಿರೇರು ಇಬ್ಬರನ್ನ ಎಬ್ಬಿಸ್ಕೊಂಡು ಗಂಗಾವತಿಗೆ ಮ್ಯಾಟಿನಿಗೆ ಬಂದಾಳ. ತೊಡಿ ಮ್ಯಾಲ ಆರು ತಿಂಗಳ ಮಗಳು ಸುರೇಖಾ. ಮ್ಯಾಲಿನ ಕಿಂಡ್ಯಾಗಿಂದ ನೋಡ್ತೀನಿ, ಆ ಜಾಗಾ ಬಂತು, ಟಪ್ ಅಂತ ಹಾರಿತು, ಹೆಣ್ಮಕ್ಕಳ ಕಡೆ ಒಬ್ಬಾಕಿ ಎದ್ದು ನಿಂತಾಳ, ನಮ್ಮ ಪಂಪಾವತಿ, ಕೂಸು ಬಗಲಾಗ, ಪರದೆಕ ಬಟ್ಟು ತೋರಿಸ್ತಾಳ, ಕೈ ಇತ್ತರೀ, ಇಲ್ಲೇ ಕೈ ಇತ್ತು, ನಾ ನೋಡೀನಿ — ಮಂದಿ ನಗಾಕ ಹತ್ತಿದ್ರು, ಕುಂದ್ರಬೇ, ಕುಂದ್ರ. ಸಣ್ಣಪ್ಪ ಹಿರೇರ ಕಡೆ ತಿರುಗಿ ಏನೋ ಅಂದ, ಮೆತ್ತಗ, ಅವರು ಹೌದಂತ ತೆಲಿ ಆಡಿಸಿದ್ರು. ಆಟ ಬಿಟ್ಟ ಮ್ಯಾಲ ಎಲ್ಲಾರೂ ನನ್ನ ಕ್ವಾಣಿ ಮುಂದ, ಬಾಜೂಕ ಸಾಹುಕಾರ, ಅವನ ಬಾಜೂಕ ಕಂಪನಿ ಮನಷಾ ಚಾ ಕುಡ್ಕೋತ. ಯಣ್ಣಾ, ನೀ ಹೇಳು, ಕೈ ಇತ್ತಲ್ಲ? ನನ್ನ ಕಿಸೆದಾಗ ತಂಬಾಕದ ಡಬ್ಬಿ. ಹೆಂಡ್ತಿ ಬಸರಿ, ನೌಕರಿ ಹತ್ತಿ ಎರಡು ವರ್ಷ. ಇಲ್ಲವಾ ತಂಗಿ, ಯಾವ ಕೈನೂ ಇರಲಿಲ್ಲ ಅಂದೆ.

ಆಕಿ ಅಳಲಿಲ್ಲ. ಹಂಗಾರ ನನಗ ಹುಚ್ಚ ಅಂದ್ಳು, ಗುರುತು ಸಿಕ್ಕಾವರಂಗ, ತಣ್ಣಗ. ಸ್ವಂತ ಅಣ್ಣನ ಇಲ್ಲಂದಾನ ಅಂತ ಹಿರೇರು ಎರಡನೇ ಲಗ್ನಕ್ಕ ಹೂಂ ಅಂದ್ರು. ಸಣ್ಣಪ್ಪ ಸತ್ತು ಹನ್ನೊಂದು ವರ್ಷ, ಈಕಿ ಇನ್ನೂ ಆ ಮನಿ ಹಿತ್ತಲ ಕ್ವಾಣ್ಯಾಗ ಅದಾಳ, ತಾಟಿನ್ಯಾಗ ರೊಟ್ಟಿ ಇಟ್ರ ಮೊದಲ ಕೇಳ್ತಾಳ, ಇದು ಐತೇನು. ಸುರೇಖಾ ಹುಚ್ಚೀ ಮಗಳು ಅಂತ ಅನ್ನಿಸ್ಕೊಂತ ಬೆಳದು ಕುಷ್ಟಗ್ಯಾಗ ಟೀಚರ್ ಆದ್ಳು. ನಿನ್ನಿ ಆಕಿ ಕಳಿಸಿದ ಮಾತು ಎಷ್ಟು ಸಲ ಕೇಳೀನಿ — ಮಾಮಾ, ಪೂರ್ತಿ ಸಿನಿಮಾ ಫೋನಿನ್ಯಾಗ ಸಿಕ್ತು, ಅವ್ವಗ ತೋರ್ಸಿದೆ, ಕೈ ಬಂದ ಕೂಡ್ಲೆ ನನ್ನ ಮಾರಿ ನೋಡಿದ್ಳು, ನಿನಗೂ ಕಾಣ್ತೈತೇನ ಅಂದ್ಳು, ಹೂಂ ಅಂದ್ರ ನಂಬವಲ್ಲಳು, ನಮ್ಮಣ್ಣ ಇಲ್ಲಂದಾನ, ಅಂವ ಸುಳ್ಳು ಹೇಳಾವಲ್ಲ ಅಂತಾಳ, ನೀವ ಹೇಳ್ರಿ ಮಾಮಾ, ಅವ್ವ ದಿನಾ ಫೋನ್ ನೋಡ್ಕೋತ ಕುಂದ್ರತಾಳ. ಕಂಪನಿ ಮನಷಾ ಯಾವಾಗೋ ಸತ್ತ, ಸಾಹುಕಾರ ಸತ್ತ, ಟಾಕೀಸು ಕೆಡವಿ ಅಂಗಡಿ ಕಟ್ಟ್ಯಾರ, ಯಾರಿಗೆ ಅಂಜತೀನಿ ನಾ ಈಗ — ಆಕಿಗೆ, ಅಂವ ಸುಳ್ಳು ಹೇಳಾವಲ್ಲ ಅನ್ನಾಕಿಗೆ. ಡಬ್ಬಿ ತಗದೀನಿ, ತುಂಡು ಜಂಗ್ ಹಿಡದಂಗ ಕೆಂಪಗಾಗೈತಿ, ತೂತಿನ ಬಿಸಲಿಗೆ ಹಿಡದೀನಿ, ಇನ್ನೊಂದು ಕೈ ಹೆಬ್ಬಟ್ಟು ಸುರೇಖಾಗ ಕಳಿಸೂ ಮೈಕಿನ ಮ್ಯಾಲ. ಪಂಪಾ, ಇತ್ತವಾ. ಕೈ ಇತ್ತು, ನೀ ನೋಡಿದ್ದು ಖರೇ, ಕಡದಾವ ನಾನ, ನಿನಗ ಹುಚ್ಚ ಇರಲಿಲ್ಲ — ಅಂದೀನಿ, ಅಂದಬಿಟ್ಟೀನಿ, ಹೆಬ್ಬಟ್ಟು ಎತ್ತಿದ್ರ ಹೋಗ್ತೈತಿ, ಎಡಕ್ಕ ಸರಿಸಿದ್ರ ಅಳೀತೈತಿ, ಎತ್ತಬೇಕು, ಎತ್ತವಲ್ದು, ಸೆಕೆಂಡು ಏರ್ತಾವ, ಗ್ವಾಡಿ ಮ್ಯಾಲ ನೆರಳು ಬಿದ್ದೈತಿ, ಫೋನಿಂದೂ ಅಲ್ಲ, ರೀಲಿಂದೂ ಅಲ್ಲ, ನನ್ನ ಕೈ, ಮಾರಿ ಇಲ್ಲ, ಬಿಗಿಯಾಗಿ ಹಿಡಕೊಂಡ ಕೈ, ಅದರ ಕೆಳಗ ಕೈ, ಅದರ ಕೆಳಗ