ಡುಗಾಂಗ್ ಪಕ್ಕದ ಮನುಷ್ಯ

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಕೆಳಗೆ ಸ್ಕೂಲ್ ಬಸ್ಸು ಹಾರ್ನ್ ಹೊಡೆಯಿತು. ಹೋದ ವಾರವೂ ಹೊಡೆದಿರಬೇಕು. ನನಗೆ ಕೇಳಿಸಿರಲಿಲ್ಲ.

ನನ್ನ ಗಂಡ ತಿಲಕ್ ತೀರಿಕೊಂಡದ್ದು ಬುಧವಾರ ಮಧ್ಯಾಹ್ನ, ಶಾಲೆಯ ಪಾರ್ಕಿಂಗ್‌ನಲ್ಲಿ, ಕಾರಿನ ಬಾಗಿಲು ತೆಗೆಯುವಾಗ. ಮೂವತ್ತನಾಲ್ಕು ವರ್ಷ. ಕಾಗದಪತ್ರ ಮುಗಿದು ಶನಿವಾರ ಇಲ್ಲೇ ಅಲ್ ಐನ್‌ನಲ್ಲಿ ದಹನವಾಯಿತು. ಅತ್ತೆಗೆ ವೀಸಾ ಸಿಗಲಿಲ್ಲ. ಮೈದುನ ರಿತೇಶ್ ದುಬೈಯಿಂದ ಬಂದು ಎಲ್ಲ ಓಡಾಡಿದ. ಸೋಮವಾರ ಕತ್ತಲಿರುವಾಗಲೇ ಅವನು ಪಾಸ್‌ಪೋರ್ಟ್ ಹಿಡಿದುಕೊಂಡು ಅಬುಧಾಬಿಯ ರಾಯಭಾರ ಕಚೇರಿಗೆ ಹೊರಟಿದ್ದ. ಹೊರಡುವಾಗ, “ಅತ್ತಿಗೆ, ಬೊಜ್ಜದವರೆಗೆ ಯಾರ ಮನೆಗೂ ಹೋಗ್ಬೇಡಿ, ಅಮ್ಮ ಹೇಳಿದ್ದಾರೆ” ಎಂದ. ಬೊಜ್ಜವೆಂದರೆ ಉತ್ತರಕ್ರಿಯೆ; ಅಲ್ಲಿಯವರೆಗೆ ಸೂತಕ. ಹೋಗಲು ನನಗೆ ಯಾವ ಮನೆಯೂ ಇರಲಿಲ್ಲ.

ತಿಲಕ್‌ನ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ತೆರೆದೇ ಇತ್ತು. ಅದು ಟಿಂಗ್ ಎಂದಿತು. ಬಗ್ಗಿ ನೋಡಿದೆ.

“ಸರ್, ಮರಳುಬೆಕ್ಕು ನೀರು ಎಲ್ಲಿ ಕುಡಿಯುತ್ತದೆ?”

ಅದರ ಕೆಳಗೆ, ಅದೇ ನಿಮಿಷದಲ್ಲಿ: “ಒಳ್ಳೆಯ ಪ್ರಶ್ನೆ! ನಾಳೆ ತರಗತಿಯಲ್ಲಿ ಹೇಳುತ್ತೇನೆ. ತಿಲಕ್ ಸರ್.”

ನಾನು ತಿರುಗಿ ಮಲಗುವ ಕೋಣೆಯ ಕಡೆ ನೋಡಿದೆ.

ಅದು ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಆರನೇ ತರಗತಿಗಾಗಿ ಅವನೊಂದು ವೆಬ್‌ಪುಟ ಮಾಡಿದ್ದ. ಮರುಭೂಮಿ, ಮ್ಯಾಂಗ್ರೋವ್ ಕಾಡು, ಹವಳದ ದಿಬ್ಬ; ಅಲ್ಲಿ ಬದುಕುವ, ಅಳಿಯುತ್ತಿರುವ ಪ್ರಾಣಿಗಳು. ಕೊನೆಯಲ್ಲಿ ಪ್ರಶ್ನೆ ಕೇಳಲು ಒಂದು ಚೌಕ. ನೂರಿಪ್ಪತ್ತು ಮಕ್ಕಳು ಕೇಳತೊಡಗಿದ ಮೇಲೆ ಎಲ್ಲರಿಗೂ ತಾನಾಗಿ ಈ ಒಂದು ಉತ್ತರ ಹೋಗುವಂತೆ ಮಾಡಿಟ್ಟಿದ್ದ. ಮರುದಿನ ತರಗತಿಯಲ್ಲಿ ನಿಜವಾಗಿಯೂ ಹೇಳುತ್ತಿದ್ದ.

ಬುಧವಾರದಿಂದ ಮೂವತ್ತೊಂದು ಪ್ರಶ್ನೆಗಳು ಬಂದಿದ್ದವು. ಮೂವತ್ತೊಂದು ಸಲ ಅವನು ನಾಳೆ ಹೇಳುತ್ತೇನೆ ಎಂದಿದ್ದ.

ಅವನ ಸಹೋದ್ಯೋಗಿ ಲವಿಟಾಗೆ ಫೋನ್ ಮಾಡಿದೆ.

“ಮಕ್ಕಳಿಗೆ ಹೇಳಿಲ್ವಾ?”

“ಇಲ್ಲ ಅಶ್ಮಿತಾ. ಎಕ್ಸಾಮ್ ಅಲ್ಲನಾ. ಸರ್ ಲೀವಲ್ಲಿದ್ದಾರೆ ಅಂತ ಹೇಳ್ಲಿಕ್ಕೆ ಮ್ಯಾನೇಜ್‌ಮೆಂಟ್‌ನಿಂದ ಬಂದಿದೆ. ಗುರುವಾರ ಅಸೆಂಬ್ಲಿಯಲ್ಲಿ ಹೇಳ್ತಾರೆ.”

“ಅವನು ಲೀವಲ್ಲಿದ್ದಾನೆ ಅಂತ ನೀವೂ ಹೇಳಿದ್ರಾ?”

“ಎಂತ ಮಾಡುದು ಮಾರಾಯ್ತಿ,” ಎಂದು ಲವಿಟಾ ಅತ್ತಳು. “ಕ್ಲಾಸಿಗೆ ಹೋಗಿ ನಗ್ತಾ ಹೇಳಿದೆ. ನಗ್ತಾ!”

ನಾನು ಅಳಲಿಲ್ಲ. ಫೋನ್ ಇಟ್ಟು ಪ್ರಶ್ನೆಗಳನ್ನು ಮೊದಲಿನಿಂದ ಓದಿದೆ. ಹೆಚ್ಚಿನವು ಪರೀಕ್ಷೆಯವು. ಮೂರು ಮಾತ್ರ ಒಂದೇ ಹುಡುಗಿಯವು, ನಾಫಿಯಾ, ಆರನೇ ಬಿ.

ಬುಧವಾರ ಸಂಜೆ: “ಸರ್, ಡುಗಾಂಗ್ ಫೋಟೊದಲ್ಲಿ ನನ್ನ ಅಜ್ಜ ಯಾಕೆ ಇಲ್ಲ?”

ಒಳ್ಳೆಯ ಪ್ರಶ್ನೆ! ನಾಳೆ ತರಗತಿಯಲ್ಲಿ ಹೇಳುತ್ತೇನೆ.

ಗುರುವಾರ: “ಸರ್, ನೀವು ಇವತ್ತು ಬರಲಿಲ್ಲ. ನೀವು ತಗೊಂಡು ಹೋದ ಫೋಟೊ ಅಜ್ಜಿ ಕೇಳುತ್ತಿದ್ದಾರೆ.”

ಒಳ್ಳೆಯ ಪ್ರಶ್ನೆ!

ಶನಿವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ: “ಸರ್, ನಿಜ ಹೇಳಿ. ಅಜ್ಜನನ್ನು ಕತ್ತರಿಸಿಬಿಟ್ಟಿರಾ?”

ಶನಿವಾರ ಹತ್ತು ನಲವತ್ತಕ್ಕೆ ನಾನು ಚಿತಾಗಾರದ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಅವನು ಒಳಗಿದ್ದ. ಒಳಗಿದ್ದುಕೊಂಡೇ ಅವಳಿಗೆ ಒಳ್ಳೆಯ ಪ್ರಶ್ನೆ ಎಂದಿದ್ದ.

ಪುಟದಲ್ಲಿ ಡುಗಾಂಗ್‌ನ ಚಿತ್ರ ತೆರೆದೆ. ಸಿಮೆಂಟ್ ನೆಲದ ಮೇಲೆ ದೊಡ್ಡ ಕಡಲಹಸು ಸತ್ತು ಬಿದ್ದಿದೆ. ಅದರ ಬೆನ್ನ ಮೇಲೆ ಮಣಿಕಟ್ಟಿನವರೆಗೆ ಒಂದು ಕೈ. ಅದರಾಚೆ ಮನುಷ್ಯನಿಲ್ಲ.

ಆ ಮನುಷ್ಯನನ್ನು ಚಿತ್ರದಿಂದ ತೆಗೆದವಳು ನಾನು. ಮಂಗಳವಾರ ತಿಲಕ್ ಚಿತ್ರವನ್ನು ಸ್ಕ್ಯಾನ್ ಮಾಡಿ ನನ್ನ ಮುಂದೆ ಹಿಡಿದಿದ್ದ. “ಅಬುಧಾಬಿ ಮೀನು ಮಾರ್ಕೆಟ್ಟಂತೆ, ಎಪ್ಪತ್ತಾರನೇ ಇಸವಿ. ಆಗ ತಿನ್ನುತ್ತಿದ್ದರಂತೆ. ನನ್ನ ಕ್ಲಾಸಿನ ಹುಡುಗಿಯ ಅಜ್ಜ, ನಮ್ಮ ಉಳ್ಳಾಲದವರು, ನೋಡು, ಏನು ಸ್ಟೈಲು!” ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು, ಪುಟದ ತಪ್ಪುಗಳನ್ನು ತಿದ್ದುವುದು ನನ್ನ ಕೆಲಸವಾಗಿತ್ತು. “ಮನುಷ್ಯ ಯಾಕೆ? ಮಕ್ಕಳು ಪ್ರಾಣಿ ನೋಡಲಿ” ಎಂದು ಪರದೆಯ ಮೇಲೆ ಎರಡು ಗೆರೆ ಎಳೆದು ಕತ್ತರಿಸಿದೆ. “ಪಾಪ, ಆ ಹುಡುಗಿಗೆ ಬೇಜಾರಾಗ್ತದೆ” ಎಂದ ಅವನು. ನಾನು ಆಗಲೇ ಸೇವ್ ಮಾಡಿದ್ದೆ.

ಮೂಲಚಿತ್ರ ಅವನ ಬ್ಯಾಗಿನಲ್ಲಿ, ಉತ್ತರಪತ್ರಿಕೆಗಳ ನಡುವೆ, ಎರಡು ರಟ್ಟಿನ ತುಂಡುಗಳಲ್ಲಿ ಭದ್ರವಾಗಿತ್ತು. ಲುಂಗಿಯುಟ್ಟ ತೆಳ್ಳಗಿನ ಹುಡುಗ, ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಪ್ರಾಣಿಯನ್ನು ನೋಡುತ್ತಿಲ್ಲ, ಕ್ಯಾಮೆರಾವನ್ನು ನೋಡುತ್ತಿದ್ದಾನೆ. ಚಿತ್ರದ ಹಿಂಬದಿಗೆ ಅರೆಬಿಕ್‌ನಲ್ಲಿ ಸ್ಟುಡಿಯೋದ ಮುದ್ರೆ.

ಮೊದಲು ಪುಟವನ್ನು ಸರಿಮಾಡಿದೆ. ಇಡೀ ಚಿತ್ರ ಹಾಕಿದೆ. ಆಮೇಲೆ ಆ ಉತ್ತರವನ್ನು ಅಳಿಸಹೋದೆ. ಜಾಗ ಖಾಲಿ ಬಿಟ್ಟರೆ ಅದು ಸೇವ್ ಆಗುತ್ತಿರಲಿಲ್ಲ, ಏನಾದರೂ ಬರೆಯಲೇಬೇಕಂತೆ. ನೂರಿಪ್ಪತ್ತು ಮಕ್ಕಳಿಗೆ ಸಾವಿನ ಸುದ್ದಿಯನ್ನು ಒಂದು ಯಂತ್ರ ಹೇಳುವುದು ಬೇಡವೆನಿಸಿತು. “ಪ್ರಶ್ನೆಗಳನ್ನು ಸದ್ಯ ತೆಗೆದುಕೊಳ್ಳುತ್ತಿಲ್ಲ” ಎಂದು ಬರೆದೆ. ಅವನ ಹೆಸರನ್ನು ತೆಗೆದೆ.

ಲವಿಟಾಗೆ ಮತ್ತೆ ಫೋನ್ ಮಾಡಿ ನಾಫಿಯಾಳ ಮನೆ ಕೇಳಿದೆ.

“ನಿನ್ನ ಬಿಲ್ಡಿಂಗಿನ ಹಿಂದೆಯೇ. ಅವಳ ಅಪ್ಪನ ಗ್ರೋಸರಿಯ ಮೇಲೆ. ಯಾಕೆ? ಅಶ್ಮಿತಾ, ನೀನು ಹೇಳ್ಬೇಡ ಆಯ್ತಾ? ನಾಳೆ ಸೈನ್ಸ್ ಪೇಪರ್ ಅವಳಿಗೆ.”

“ಕೇಳಿದರೆ ಲೀವಲ್ಲಿದ್ದಾನೆ ಅನ್ನಲಾ?”

ನಾನೇ ಫೋನ್ ಇಟ್ಟೆ.

ಮಧ್ಯಾಹ್ನ ಬಸ್ಸು ಬರುವವರೆಗೆ ಕಾದೆ. ಗ್ರೋಸರಿಯ ಪಕ್ಕದ ಮೆಟ್ಟಿಲು ಹತ್ತಿ ಬೆಲ್ ಒತ್ತಿ, ಎರಡು ಹೆಜ್ಜೆ ಹಿಂದೆ ನಿಂತೆ. ಬಾಗಿಲು ತೆರೆದವಳು ಯೂನಿಫಾರ್ಮ್‌ನಲ್ಲೇ ಇದ್ದಳು, ಕೈಯಲ್ಲಿ ಚಿಪ್ಸ್ ಪ್ಯಾಕೆಟ್ಟು. ಸೈನ್ಸ್ ಎಕ್ಸಿಬಿಷನ್‌ನಲ್ಲಿ ನನ್ನನ್ನು ನೋಡಿದ್ದಳು.

“ಮ್ಯಾಮ್! ಸರ್ ಬಂದ್ರಾ? ಲೀವ್ ಓವರ್?”

ಐದು ದಿನಗಳಲ್ಲಿ ನಾನು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಕೆಲಸವನ್ನೆಲ್ಲ ರಿತೇಶ್ ಮಾಡಿದ್ದ.

“ಇಲ್ಲ. ಸರ್ ತೀರಿಕೊಂಡರು. ಬುಧವಾರ.”

“ನೋ. ಹೀ ರಿಪ್ಲೈಡ್. ಶನಿವಾರ ಕೂಡ ಮಾಡಿದ್ದಾರೆ.”

“ಅದು ಸರ್ ಅಲ್ಲ. ಮೊದಲೇ ಬರೆದಿಟ್ಟದ್ದು. ತಾನಾಗಿ ಬರುತ್ತದೆ.”

“ಬುಧವಾರದ್ದೂ?”

“ಅದೂ.”

ಅವಳು ಚಿಪ್ಸ್ ಪ್ಯಾಕೆಟ್ಟಿನ ಬಾಯಿಯನ್ನು ಸಣ್ಣದಾಗಿ ಮಡಚಿದಳು, ಇನ್ನೂ ಸಣ್ಣದಾಗಿ ಮಡಚಿದಳು. “ನಾನು ಸರ್ ಮೇಲೆ ತುಂಬಾ ಆಂಗ್ರಿ ಆಗಿದ್ದೆ” ಎಂದಳು.

“ನನ್ನ ಮೇಲೆ ಆಗು. ಅಜ್ಜನನ್ನು ತೆಗೆದದ್ದು ನಾನು. ಸರ್ ಬೇಡ ಅಂದಿದ್ದರು.”

ಅವಳು ನನ್ನನ್ನು ನೋಡಿದಳು. ಆಮೇಲೆ, “ಅಜ್ಜೀ!” ಎಂದು ಕೂಗಿ ಒಳಗೆ ಓಡಿದಳು.

ಅಜ್ಜಿ ಬೀಪಾತುಮ್ಮ ಗೋಡೆ ಹಿಡಿದು ನಿಧಾನವಾಗಿ ಬಂದರು. ಒಳಗಿನ ಅಳು ಕೇಳಿಸುತ್ತಿತ್ತು.

“ಮಾಷ್ಟ್ರಾ? ಅಲ್ಲಾಹ್! ಮೊನ್ನೆ ಇಲ್ಲೇ ಕೂತು ಪತ್ತಿರ್ ತಿಂದು ಹೋದದ್ದಲ್ವಾ?” ಎಂದರು. “ಒಳಗೆ ಬಾ ಮಗಾ.”

“ನಾನು ಸೂತಕದವಳು. ಬರಬಾರದು.”

“ನಮ್ಮವರು ತೀರಿಹೋದಾಗ ನಾನು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡ್ಲಿಲ್ಲ. ನೀನು ಎಂತಕ್ಕೆ ಮೆಟ್ಟಿಲು ಹತ್ತಿ ಬಂದದ್ದು? ಒಂದು ಫೋನ್ ಸಾಕಿತ್ತು.”

“ಫೋಟೊ ಇತ್ತು.”

ರಟ್ಟನ್ನು ಬಿಚ್ಚಿದೆ. ಅವರು ಕನ್ನಡಕ ಹುಡುಕಿಕೊಂಡರು, ಅದು ಕೊರಳಲ್ಲೇ ತೂಗುತ್ತಿತ್ತು.

“ಇವರು ಇಲ್ಲಿಗೆ ಬಂದು ಎಂಟು ತಿಂಗಳು ಒಂದು ಕಾಗದ ಇಲ್ಲ. ಸತ್ತಿದ್ದಾರೆ ಅಂತಲೇ ಊರಲ್ಲಿ ಹೇಳಿದ್ರು. ಆಮೇಲೆ ಇದು ಬಂತು. ಆ ಮೀನು ಎಂತದು ಅಂತ ನಾನು ನೋಡ್ಲೇ ಇಲ್ಲ.” ಅವರು ನನ್ನ ಮುಖ ನೋಡಿದರು. “ಹುಡುಗಿ ಹೇಳಿದ್ಲು, ಕಂಪ್ಯೂಟರಲ್ಲಿ ಇವರು ಇಲ್ಲ ಅಂತ.”

“ಈಗ ಇದ್ದಾರೆ. ಇವತ್ತು ಹಾಕಿದೆ.”

ಚಿತ್ರವನ್ನು ಎರಡೂ ಕೈಯಲ್ಲಿ ಹೊಸ್ತಿಲಿನಾಚೆ ಚಾಚಿದೆ. ಬೀಪಾತುಮ್ಮ ತಲೆಬಟ್ಟೆಯ ಅಂಚಿನಲ್ಲಿ ಬೆರಳು ಒರೆಸಿಕೊಂಡು ಅದನ್ನು ತೆಗೆದುಕೊಂಡರು.