ಒಂದು ಓಟು, ಒತ್ತಿಲ್ಲದ ಒಂದು ಹೆಸರು

ನಾನು ಒಂದು ತಗಡಿನ ಪೆಟ್ಟಿಗೆ. ತುಕ್ಕು ಹಿಡಿದು ಗುಜರಿಯಲ್ಲಿ ಬಿದ್ದಿದ್ದೇನೆಂದು ಮೂಗು ಮುರಿಯಬೇಡಿ. ಒಂದು ಕಾಲಕ್ಕೆ ಗೌಡರು, ಸಾಹುಕಾರರು ನನ್ನ ಮುಂದೆ ರುಮಾಲು ಸರಿಮಾಡಿಕೊಂಡು ಸಾಲು ಹಚ್ಚಿ ನಿಂತಿದ್ದರು. ಅದೂ ಒಂದೇ ಒಂದು ದಿನ, ಹೌದು. ಆದರೆ ನಿಂತಿದ್ದಂತೂ ಖರೆ.

ನನ್ನನ್ನು ಮಾಡಿದವನು ನವಲಕೊಪ್ಪದ ಪೇಟೆಯ ದಾವಲಸಾಬ. ಡಬ್ಬಿ, ಕಂದೀಲು ಮಾಡುವುದರಲ್ಲಿ ಎತ್ತಿದ ಕೈ. ಮಾಡಿದ ವಸ್ತುವಿನ ಮೇಲೆ ಹೆಸರು ಮಾತ್ರ ಹಾಕುತ್ತಿರಲಿಲ್ಲ. ಸೋರದಿದ್ದರೆ ಅದೇ ನನ್ನ ಗುರುತು ಅನ್ನುತ್ತಿದ್ದ. ಆಗ ಇಂಗ್ಲಿಷರ ಆಳ್ವಿಕೆ. ನಮ್ಮ ಕಡೆಯಿಂದ ಮುಂಬಯಿಯ ಶಾಸನಸಭೆಗೆ ಹೋಗಿದ್ದ ಸದಸ್ಯರು ಜ್ವರ ಬಂದು ತೀರಿಕೊಂಡರು. ಅವರ ಖುರ್ಚಿ ತುಂಬಲು ಉಪಚುನಾವಣೆ ಬಂತು, ಕಚೇರಿಯವರಿಗೆ ಪೆಟ್ಟಿಗೆ ಬೇಕಾಯಿತು. ದಾವಲಸಾಬ ನನ್ನ ನೆತ್ತಿಯ ಮೇಲೆ ಉದ್ದಕ್ಕೆ ಸೀಳು ಕೊಯ್ದಾಗ ಅವನ ಹೆಂಡತಿ ಬೈದದ್ದೇ ಬೈದದ್ದು. ಇಷ್ಟು ಚಂದದ ಡಬ್ಬಿ ಕೆಡಿಸಿದಿರಿ, ನಾಳೆ ಇರುವೆ ಹೊಕ್ಕರೆ ಯಾರು ಜವಾಬು ಎಂದಳು. ಆ ತಾಯಿಯ ಮಾತು ಮುಂದೆ ಖರೆಯಾಯಿತು.

ಚುನಾವಣೆಗೆ ನಿಂತವರು ಇಬ್ಬರು. ಒಬ್ಬರು ದೇಸಾಯರು, ಸುತ್ತಲಿನ ಅರ್ಧ ಹೊಲ ಅವರದೇ. ಇನ್ನೊಬ್ಬರು ವಕೀಲ ಅಡಿವೆಪ್ಪ. ಊರಿಗೆ ಹೆಣ್ಣುಮಕ್ಕಳ ಶಾಲೆ ತರುತ್ತೇನೆ ಎಂಬುದೊಂದೇ ಅವರ ಮಾತು. ನಿಜ ಹೇಳಬೇಕೆಂದರೆ ಆ ಮಾತು ಅವರ ಹೆಂಡತಿ ಬಸಲಿಂಗವ್ವನದು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಆ ಸಂಕಟ ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗ ಎಲ್ಲರಿಗೂ ಓಟು ಎಲ್ಲಿ ಇತ್ತು? ಕಂದಾಯ ಕಟ್ಟುವವರಿಗೆ ಮಾತ್ರ. ತವರಿನ ಹೊಲ ಬಸಲಿಂಗವ್ವನ ಹೆಸರಿಗೆ ಬಂದಿತ್ತು. ಹಾಗಾಗಿ ಊರಲ್ಲಿ ಓಟಿದ್ದ ಹೆಂಗಸು ಅವಳೊಬ್ಬಳೇ. ಆದರೆ ಒಂದು ತೊಡಕಿತ್ತು. ಓದು ಬಾರದವರು ಅಧಿಕಾರಿಯ ಮುಂದೆ ಹೆಸರು ಬಾಯಿಬಿಟ್ಟು ಹೇಳಬೇಕು, ಅವರು ಚೀಟಿಗೆ ಗುರುತು ಹಾಕಿ ಕೊಡುತ್ತಾರೆ. ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೇ! ಊರಿನವರೆಲ್ಲ ಅಡಿವೆಪ್ಪ ಅಡಿವೆಪ್ಪ ಎಂದು ಕೂಗಬಹುದು, ಅವಳೊಬ್ಬಳು ಅನ್ನುವಂತಿಲ್ಲ. ನೀನು ಬರಬೇಡ, ಮಂದಿ ನಗುತ್ತಾರೆ ಎಂದು ಗಂಡನೇ ಹೇಳಿದ್ದರಂತೆ.

ಬಂದೇ ಬಂದಳು. ತಲೆ ತುಂಬ ಸೆರಗು ಹೊದ್ದು, ನೆಟ್ಟಗೆ ನನ್ನ ಮುಂದೆ ನಿಂತಳು. ಅಧಿಕಾರಿ ಪುಣೆ ಕಡೆಯವರು, ಪುಸ್ತಕದ ಕನ್ನಡ ಕಲಿತವರು. ಯಾರಿಗೆ ಎಂದು ಕೇಳಿದರು. ಅವರಿಗೆ ಎಂದಳು. ಯಾವ ಅವರಿಗೆ? ನಮ್ಮ ಮನಿಯವರಿಗೆ. ಮೂಲೆಯಲ್ಲಿ ಕುಳಿತಿದ್ದ ದೇಸಾಯರ ಏಜೆಂಟ ಮೀಸೆಯಲ್ಲೇ ನಕ್ಕು, ಕಾಯಿದೆಗೆ ಹೆಸರು ಬೇಕು, ಹೇಳದಿದ್ದರೆ ಹೊರಗೆ ಕಳಿಸಿರಿ ಎಂದ. ಅಧಿಕಾರಿ ಪಾಪ, ಬೆವರು ಒರೆಸಿಕೊಂಡರು. ನಾನು ನನ್ನೊಳಗೇ ಅಂದುಕೊಂಡೆ: ಅಲ್ಲ, ಊರಿಗೆಲ್ಲ ಶಾಲೆ ಬೇಡಿದವಳು ತನ್ನ ಒಂದು ಚೀಟಿ ಹಾಕಲಾರದೆ ತಿರುಗಿ ಹೋಗುವುದೇ?

ನಮ್ಮ ಕಡೆ ಹೆಂಗಸರಿಗೆ ಒಂದು ಸಂದಿ ಬಿಟ್ಟಿದ್ದಾರೆ. ಮದುವೆಯಲ್ಲಿ, ಬಸುರಿಯ ಕುಬಸದ ಕಾರ್ಯದಲ್ಲಿ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಬಹುದು. ಅದಕ್ಕೆ ಒಡಪು ಅನ್ನುತ್ತಾರೆ. ಬಸಲಿಂಗವ್ವ ತನ್ನ ಮದುವೆಯಲ್ಲೂ ನಾಚಿಕೊಂಡು ಒಡಪು ಹೇಳಿರಲಿಲ್ಲವಂತೆ. ಈಗ ನನ್ನನ್ನೇ ನೋಡುತ್ತ ಬಾಯಿ ತೆರೆದಳು:

"ತಗಡಿನ ಪೆಟ್ಟಿಗಿಗೆ ಬಾಯಿ ಐತಿ, ನಾಲಿಗಿಲ್ಲ;
ಅಡಿವೆಪ್ಪನವರಿಗೆ ನನ್ನ ಓಟು, ಬ್ಯಾರೆ ಯಾರಿಗಿಲ್ಲ."

ಏಜೆಂಟ ತಟ್ಟನೆ ಎದ್ದು, ಇದು ಹಾಡು, ಹೆಸರಲ್ಲ ಎಂದು ತಕರಾರು ತೆಗೆದ. ಅಧಿಕಾರಿ ಗುರುತು ಹಾಕಿದರು, ಆದರೆ ಚೀಟಿಯ ಬೆನ್ನಿಗೆ 'ತಕರಾರು' ಎಂದು ಬರೆದರು. ಬಸಲಿಂಗವ್ವ ಅದನ್ನು ಎರಡೂ ಕೈಯಿಂದ ನನ್ನೊಳಗೆ ಬಿಟ್ಟಳು.

ಎಣಿಕೆಯಲ್ಲಿ ಅಡಿವೆಪ್ಪ ಹೀನಾಯವಾಗಿ ಸೋತರು. ದೇಸಾಯರ ಮಂದಿ ಆಗಲೇ ಹಾರ ತರಿಸಿದ್ದರು. ತಕರಾರಿನ ಆ ಒಂದು ಚೀಟಿ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಇದರಿಂದ ಏನೂ ಬದಲಾಗುವುದಿಲ್ಲ, ಬಿಟ್ಟುಬಿಡೋಣ ಎಂದರು ಅಧಿಕಾರಿ.

"ನಾ ಸೋತೀನಿ ಸಾಹೇಬರ, ಅದು ಖರೆ," ಅಂದರು ಅಡಿವೆಪ್ಪ. "ಆದರ ಆಕಿ ಓಟು ಎಣಿಸೂತನಕಾ ನಾ ಇಲ್ಲಿಂದ ಏಳಂಗಿಲ್ಲ."

ಅಧಿಕಾರಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಸರು ಹೇಳಬೇಕೆಂದು ಕಾಯಿದೆಯಲ್ಲಿದೆ, ಹಾಡಬಾರದೆಂದು ಎಲ್ಲೂ ಇಲ್ಲ ಎಂದು ಹೇಳಿ ಆ ಓಟನ್ನೂ ಎಣಿಸಿಬಿಟ್ಟರು. ಗೆದ್ದವರು ಹಾರ ಹಾಕಿಸಿಕೊಳ್ಳುವಾಗ ಸೋತವರು ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೋಲಿಗೆ ಅತ್ತರೆಂದು ಮಂದಿ ಆಡಿಕೊಂಡರು. ಅವರಿಗೇನು ಗೊತ್ತು!

ಮುಂದೆ ಕಚೇರಿಯ ಹಳೆ ಸಾಮಾನು ಹರಾಜಿಗೆ ಬಂದಾಗ ಅಡಿವೆಪ್ಪ ನನ್ನನ್ನು ಕೊಂಡು ಮನೆಗೆ ತಂದರು. ಬಸಲಿಂಗವ್ವ ನನ್ನೊಳಗೆ ಬೆಲ್ಲ ತುಂಬಿದಳು, ಸೀಳಿನಿಂದ ಇರುವೆ ನುಗ್ಗಿದವು, ಅವಳು ನನ್ನನ್ನು ಮನಸಾರೆ ಬೈದಳು. ಸಂಸಾರಕ್ಕೆ ಬಿದ್ದ ಮೇಲೆ ಇದೆಲ್ಲ ಇದ್ದದ್ದೇ. ಶಾಲೆ ಮುಂಬಯಿಯಿಂದ ಬರಲಿಲ್ಲ. ಅಡಿವೆಪ್ಪ ತಮ್ಮ ಮನೆಯ ಪಡಸಾಲೆಯಲ್ಲೇ ಶುರುಮಾಡಿದರು. ಮೊದಲು ಪಾಟಿ ಹಿಡಿದು ಕೂತವಳು ಬಸಲಿಂಗವ್ವ.

ಒಂದು ಮಧ್ಯಾಹ್ನ ಮೊಳೆಯೊಂದನ್ನು ಹಿಡಿದು ನನ್ನ ಪಕ್ಕೆಯ ಮೇಲೆ ಕೆರೆಯತೊಡಗಿದಳು. ಉರಿಯಿತು, ಸುಳ್ಳೇಕೆ ಹೇಳಲಿ. ಗಂಡ ಬಂದು ಬಗ್ಗಿ ಓದಿದರು: ಅಡಿವೆಪ.

"ಒತ್ತು ಬಿಟ್ಟೀಯಲ್ಲ, ಪ ಒತ್ತು," ಅಂದರು.

"ಬೇಕಂತನ ಬಿಟ್ಟೀನ್ರೀ," ಅಂದಳು ಅವಳು. "ಹೆಸರು ಪೂರಾ ಹೇಳಬಾರದಲ್ಲ."

ಅಡಿವೆಪ್ಪ ನಕ್ಕ ನಗೆಗೆ ಪಡಸಾಲೆಯ ಹುಡುಗಿಯರೆಲ್ಲ ಪಾಟಿ ಬಿಟ್ಟು ತಿರುಗಿ ನೋಡಿದರು. ಆ ನಗೆ ಕೇಳಿ ನನಗೂ ಉರಿ ಮರೆತುಹೋಯಿತು.

ಮುಂದೆ ಅಡಿವೆಪ್ಪ ತೀರಿಹೋದರು, ಕೆಲವು ವರ್ಷಕ್ಕೆ ಬಸಲಿಂಗವ್ವನೂ ಹೋದಳು. ಬೆಲ್ಲದ ಡಬ್ಬಿಯಾದ ನಾನು ಮೊಮ್ಮಕ್ಕಳ ಕೈಯಲ್ಲಿ ಮೊಳೆಯ ಡಬ್ಬಿಯಾದೆ, ಆಮೇಲೆ ಯಾವುದಕ್ಕೂ ಬೇಡವಾದೆ. ಕೊನೆಗೆ ಈ ಗುಜರಿಗೆ ಬಂದು ಬಿದ್ದೆ. ಅವಳ ನೆನಪಾದರೆ ಈಗಲೂ ಒಳಗೆ ಭಣಭಣ ಅನ್ನುತ್ತದೆ.

ಮೊನ್ನೆ ಗುಜರಿಯ ಮೌಲಾಲಿ ನನ್ನ ತುಕ್ಕು ಉಜ್ಜಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅಡಿವೆಪ. ಇದನ್ನು ಮಾಡಿದವನ ಹೆಸರಿರಬೇಕು, ಪಾಪ, ಅವನಿಗೆ ಒತ್ತು ಬರುತ್ತಿರಲಿಲ್ಲ ಎಂದು ಹೆಂಡತಿಗೆ ಹೇಳಿದ. ದಾವಲಸಾಬ ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಅಲ್ಲಪ್ಪಾ, ಹಾಗಲ್ಲ ಎಂದು ಹೇಳಬೇಕೆನಿಸಿತು. ಏನು ಮಾಡಲಿ, ಬಾಯಿ ಇದೆ, ನಾಲಿಗೆ ಇಲ್ಲ.

ಇರಲಿ ಬಿಡಿ. ಆ ಹೆಸರನ್ನು ಬಸಲಿಂಗವ್ವ ಪೂರಾ ಹೇಳಿದ್ದು ಬಾಳಿನಲ್ಲಿ ಒಂದೇ ಸಲ. ಅದನ್ನು ಹೇಳುವಾಗ ಅವಳು ನೋಡುತ್ತಿದ್ದದ್ದು ನನ್ನನ್ನು.